ಹೊನ್ನಿನ ಕಡತ: ಮನೆತನದ ಚಿನ್ನ ಬೆಳ್ಳಿಗಳೂ ಕ್ರಿಪ್ಟೋ ನಾಣ್ಯಗಳೂ

ಕಾಗದವು ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಕನ್ನಡನಾಡಿನ ಮಠಗಳೂ ಮನೆತನಗಳೂ ತಮ್ಮ ಲೆಕ್ಕಪತ್ರಗಳನ್ನು ಕಡತಗಳಲ್ಲಿ ಬರೆದಿಡುತ್ತಿದ್ದುದು ವಿದಿತವೇ ಇದೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಆ ಕರಿಯ ಹಾಳೆಗಳ ಮೇಲೆ ಬಳಪದಿಂದ ಬರೆಯುವುದು ವಾಡಿಕೆಯಾಗಿತ್ತು. ಶೃಂಗೇರಿ ಮಠದ ಕಡತಗಳು ಸಂಶೋಧಕರಿಗೆ ಸುಪರಿಚಿತವಾದವು. ಇಂದು ಕಡತವೆಂದರೆ ಸರಕಾರಿ ಕಚೇರಿಯ ಫೈಲು ಎಂಬಷ್ಟಕ್ಕೆ ಆ ಶಬ್ದದ ಅರ್ಥವು ಸವೆದಿದೆ. ಆದರೆ ಮೂಲದಲ್ಲಿ ಅದು ಮನೆಯೊಳಗೇ ಇರತಕ್ಕ, ಮನೆಯವರೇ ಓದತಕ್ಕ ಲೆಕ್ಕವಾಗಿತ್ತು. ಅಂಥ ಲೆಕ್ಕದ ಅಗತ್ಯ ಈಗ ಕಡಿಮೆಯಾಗಿಲ್ಲ, ಹೆಚ್ಚಿದೆ. ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ನೆಲಸಿದ ಕನ್ನಡ ಕುಟುಂಬವೊಂದರಲ್ಲಿ ಅಜ್ಜಿಯ ಕಾಸಿನ ಸರವು ಊರಿನ ಬ್ಯಾಂಕಿನ ಲಾಕರಿನಲ್ಲಿ, ಸೊಸೆಯ ಬಳೆಗಳು ನಗರದ ಲಾಕರಿನಲ್ಲಿ, ಮಗನ ಬಿಟ್‌ಕಾಯಿನ್ ಆತನ ಕೈಯಲ್ಲಿರುವ ಯಾವುದೋ ಯಂತ್ರದೊಳಗೆ ಇರುವುದು ಅಸಂಭವವಾದ ಸಂಗತಿಯೇನಲ್ಲ. ಮೂರರ ಒಟ್ಟು ಲೆಕ್ಕವು ಮನೆಯಲ್ಲಿ ಒಬ್ಬರಿಗೂ ತಿಳಿಯದಿರುವುದೂ ಅಷ್ಟೇ ಸಂಭವ.

ಬ್ಯಾಂಕಿನಲ್ಲಿ ಇಟ್ಟಿದೆ, ಆದ್ದರಿಂದ ಬ್ಯಾಂಕಿಗೆ ಗೊತ್ತಿರುತ್ತದೆ ಎಂಬ ಭಾವನೆ ಅನೇಕರಲ್ಲಿದೆ. ಇದು ತಪ್ಪು. ಲಾಕರಿನೊಳಗೆ ಏನಿದೆ ಎಂಬುದರ ಪಟ್ಟಿಯನ್ನು ಬ್ಯಾಂಕು ಇಟ್ಟುಕೊಳ್ಳುವುದಿಲ್ಲ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ, ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ ಅಥವಾ ನೌಕರರ ವಂಚನೆಯಿಂದ ಒಳಗಿನ ವಸ್ತು ಹೋದರೆ, ಬ್ಯಾಂಕಿನ ಹೊಣೆಯು ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ವರುಷಕ್ಕೆ 3,000 ರೂಪಾಯಿ ಬಾಡಿಗೆಯಾದರೆ ಹೊಣೆ 3 ಲಕ್ಷ. ಇಂದಿನ ಬೆಲೆಯಲ್ಲಿ ಒಂದು ಮದುವೆಯ ಒಡವೆಗಳಿಗೆ ಅದು ಏತಕ್ಕೂ ಸಾಲದು. ಪೊಲೀಸರ ಮುಂದಾಗಲಿ ವಿಮೆಯವರ ಮುಂದಾಗಲಿ ಹಿಡಿಯತಕ್ಕ ಪಟ್ಟಿಯನ್ನು ಒಡವೆಯ ಒಡೆಯರೇ ಸಿದ್ಧಪಡಿಸಿಟ್ಟಿರಬೇಕು.

ಹಾಗಿದ್ದೂ ಹಿಂದಿನ ತಲೆಮಾರು ಏಕೆ ಬರೆದಿಡಲಿಲ್ಲ? ಆಲಸ್ಯವೊಂದೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. 1963ರ ಜನವರಿ 9ರಂದು, ಮೊರಾರ್ಜಿ ದೇಸಾಯಿಯವರು ಅರ್ಥಮಂತ್ರಿಗಳಾಗಿದ್ದಾಗ, ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಚಿನ್ನದ ನಿಯಂತ್ರಣ ಜಾರಿಗೆ ಬಂದಿತು. ಹೊಸ ಒಡವೆಗಳನ್ನು 14 ಕ್ಯಾರಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಮಾಡಕೂಡದೆಂದೂ, ಒಡವೆಯಲ್ಲದ ಚಿನ್ನವನ್ನು ಸರಕಾರಕ್ಕೆ ಘೋಷಿಸಬೇಕೆಂದೂ ವಿಧಿಸಲಾಯಿತು. ಅಕ್ಕಸಾಲಿಗರ ಒಲೆಗಳು ಆರಿದ ಆ ದಿನಗಳನ್ನು ಹಿರಿಯರು ಮರೆತಿರಲಾರರು. 14 ಕ್ಯಾರಟ್ಟಿನ ಕಟ್ಟು 1966ರಲ್ಲಿ ಸಡಿಲಗೊಂಡರೂ 1968ರಲ್ಲಿ ನಿಯಂತ್ರಣವು ಪ್ರತ್ಯೇಕ ಕಾಯಿದೆಯೇ ಆಯಿತು, 1990ರಲ್ಲಿ ರದ್ದಾಯಿತು. ಇತ್ತ 1957ರಲ್ಲಿ ಬಂದ ಸಂಪತ್ತಿನ ತೆರಿಗೆಯನ್ನು 2015ರ ಹಣಕಾಸು ಕಾಯಿದೆ ತೆಗೆದುಹಾಕುವವರೆಗೂ ಒಡವೆಯ ಮೇಲೆ ಅದರ ಕಣ್ಣಿತ್ತು. ಇಂಥ ಕಾಲದಲ್ಲಿ ಬಾಳಿದವರಿಗೆ ಬರೆಯದಿರುವುದೇ ಜಾಣತನವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆ ಕಾಯಿದೆಗಳು ಹೋದವು, ಅಭ್ಯಾಸ ಉಳಿಯಿತು.

ಇಲ್ಲಿಯೇ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಹೇಳಿಬಿಡಬಹುದು. ವಿವಾಹಿತ ಸ್ತ್ರೀಗೆ 500 ಗ್ರಾಂ, ಅವಿವಾಹಿತೆಗೆ 250, ಪುರುಷನಿಗೆ 100 ಗ್ರಾಂ ಎಂಬ ಅಂಕಿಗಳನ್ನು ಚಿನ್ನ ಇಟ್ಟುಕೊಳ್ಳಬಹುದಾದ ಮಿತಿಯೆಂದು ಜನ ಭಾವಿಸುತ್ತಾರೆ. 1994ರ ಮೇ 11ರ ಆದಾಯ ತೆರಿಗೆ ಇಲಾಖೆಯ ಸೂಚನೆಯಲ್ಲಿ ಇರುವ ಈ ಅಂಕಿಗಳು ಶೋಧನೆಯ ಕಾಲದಲ್ಲಿ ಅಧಿಕಾರಿಗಳು ಜಪ್ತಿ ಮಾಡದೆ ಬಿಡಬೇಕಾದ ಒಡವೆಯ ಪ್ರಮಾಣವೇ ಹೊರತು ಹೊಂದುವುದಕ್ಕೆ ಕಟ್ಟಿದ ಮಿತಿಯಲ್ಲ. ಮೂಲವನ್ನು ವಿವರಿಸಬಲ್ಲವರಿಗೆ ಮಿತಿಯಿಲ್ಲ. ವಿವರಿಸುವುದಕ್ಕೆ ಬೇಕಾದುದೇ ಬರೆದಿಟ್ಟ ಲೆಕ್ಕ.

ಲೆಕ್ಕವೆಂದೊಡನೆ ತೂಕದ ಪ್ರಶ್ನೆ ಬರುತ್ತದೆ. ಶಾಸನಗಳ ಕಾಲದ ಗದ್ಯಾಣ, ಪಣಗಳು ಹೋಗಲಿ, ನಿನ್ನೆ ಮೊನ್ನೆಯ ತೊಲವೂ ಈಗ ಗೊಂದಲಕ್ಕೆ ಕಾರಣವಾಗಿದೆ. ಹಳೆಯ ತೊಲ 96 ಗುಂಜಿಗಳದು, ಅಂದರೆ 11.6638 ಗ್ರಾಂ. 1956ರ ತೂಕ ಅಳತೆಗಳ ಕಾಯಿದೆ ಗ್ರಾಮನ್ನು ತಂದ ಮೇಲೂ ಪೇಟೆಯ ಬಾಯಲ್ಲಿ ತೊಲ ಉಳಿಯಿತು. ಆದರೆ ಮುಂಬಯಿಯ ಅಂಗಡಿಗಳಲ್ಲಿ ಈಗ ತೊಲವೆಂದರೆ ಬಹುಮಟ್ಟಿಗೆ 10 ಗ್ರಾಂ ಎಂದೇ ಅರ್ಥ. ಆದುದರಿಂದ ಅಜ್ಜನ ಕೈಬರಹದ ಚೀಟಿಯಲ್ಲಿ 10 ತೊಲ ಎಂದಿದ್ದರೆ ಅದು 116.638 ಗ್ರಾಂ, ಮೊಮ್ಮಗನು ಅದನ್ನು 100 ಗ್ರಾಂ ಎಂದು ಓದಿದರೆ 16 ಗ್ರಾಮಿಗೂ ಮಿಕ್ಕಿದ ಚಿನ್ನ ಕಾಗದದ ಮೇಲೆಯೇ ಕರಗಿಹೋಗುತ್ತದೆ. ಚೆನ್ನೈಯವರ ಸವರನ್, ಕರಾವಳಿಯವರ ಪವನು ಪೇಟೆಯಲ್ಲಿ 8 ಗ್ರಾಂ. ನಿಜವಾದ ಬ್ರಿಟಿಷ್ ಸವರನ್ ನಾಣ್ಯವಾದರೋ 7.988 ಗ್ರಾಂ ತೂಗುತ್ತದೆ, ಅದರಲ್ಲಿ ಶುದ್ಧ ಚಿನ್ನ 7.32 ಗ್ರಾಂ. ಲಂಡನ್ನಿನ ದರವನ್ನು ಹೇಳುವ ಔನ್ಸು ಕೂಡ ಸಾಮಾನ್ಯ ಔನ್ಸಲ್ಲ, 31.1035 ಗ್ರಾಮಿನ ಟ್ರಾಯ್ ಔನ್ಸು. ಕಡತದಲ್ಲಿ ಎಲ್ಲವನ್ನೂ ಗ್ರಾಮಿಗೆ ತಂದು ಬರೆದು, ಮೂಲ ಚೀಟಿಯನ್ನು ಜೊತೆಗೆ ಇಡುವುದು ಕ್ಷೇಮ.

ತೂಕದಂತೆಯೇ ಶುದ್ಧತೆ. ಕಲ್ಲು ಕೂರಿಸಿದ ಒಂದು ಹಾರವು ಒಟ್ಟು 42.600 ಗ್ರಾಂ ತೂಗುತ್ತದೆನ್ನೋಣ. ಕಲ್ಲುಗಳ ತೂಕ 3.400 ಗ್ರಾಂ ಕಳೆದರೆ ನಿವ್ವಳ 39.200. ಅದು 22 ಕ್ಯಾರಟ್ಟಿನದಾದರೆ, ಅಂದರೆ 916ರ ಮುದ್ರೆಯುಳ್ಳದ್ದಾದರೆ, ಅದರೊಳಗಿನ ಶುದ್ಧ ಚಿನ್ನ 35.907 ಗ್ರಾಂ. ಕಡತದಲ್ಲಿ ಈ ಮೂರು ಅಂಕಿಗಳೂ ಬೇಕು. ಒಟ್ಟು ತೂಕವು ಒಡವೆಯನ್ನು ಗುರುತಿಸುವುದಕ್ಕೆ, ನಿವ್ವಳವು ಮಾರುವುದಕ್ಕೆ, ಶುದ್ಧ ಚಿನ್ನದ ತೂಕವು ಬೇರೆ ಬೇರೆ ಕ್ಯಾರಟ್ಟಿನ ಒಡವೆಗಳನ್ನೂ ನಾಣ್ಯಗಳನ್ನೂ ಕೂಡಿಸುವುದಕ್ಕೆ. ಮಜೂರಿಯೂ ತೆರಿಗೆಯೂ ಕೊಂಡ ಬೆಲೆಯಲ್ಲಿ ಸೇರಿರುತ್ತವೆ, ಮಾರುವಾಗ ಅವು ಮರಳಿ ಬರುವುದಿಲ್ಲ. ಅವನ್ನು ಬೇರೆ ಅಂಕಣದಲ್ಲಿ ತೋರಿಸದವರು ತಮ್ಮ ಐಶ್ವರ್ಯವನ್ನು ಹೆಚ್ಚಾಗಿ ಎಣಿಸಿ ಸುಖಪಡುತ್ತಾರೆ. ಇತ್ತೀಚಿನ ಒಡವೆಗಳ ಮೇಲೆ ಭಾರತೀಯ ಮಾನಕ ಸಂಸ್ಥೆಯ ಮುದ್ರೆಯೊಡನೆ ಅಕ್ಷರ ಅಂಕಿಗಳು ಬೆರೆತ ಆರು ಸ್ಥಾನಗಳ ಗುರುತುಸಂಖ್ಯೆ ಇರುತ್ತದೆ. ಹಾಲ್‌ಮಾರ್ಕ್ ಕಡ್ಡಾಯವಾದ ಜಿಲ್ಲೆಗಳಲ್ಲಿ 2023ರ ಏಪ್ರಿಲ್ 1ರಿಂದ ಅದಿಲ್ಲದೆ ಮಾರುವಂತಿಲ್ಲ. ಒಡವೆಯ ಹೆಸರಿನಂತೆ ಆ ಸಂಖ್ಯೆಯನ್ನು ಬರೆದಿಟ್ಟರೆ ಗುರುತಿನ ಬಗ್ಗೆ ವಾದವೇ ಉಳಿಯದು. ಮನೆಯ ಬೆಳ್ಳಿ ತಂಬಿಗೆ, ಆರತಿ ತಟ್ಟೆಗಳ ಶುದ್ಧತೆ ಮಾತ್ರ ಯಾರಿಗೂ ತಿಳಿದಿರುವುದಿಲ್ಲ. ಅಲ್ಲಿ ಪರೀಕ್ಷೆಯಾಗಿಲ್ಲ ಎಂದೇ ಬರೆಯಬೇಕು, ಊಹಿಸಿದ ಅಂಕಿಯನ್ನಲ್ಲ.

ಪಿತ್ರಾರ್ಜಿತ ಚಿನ್ನಕ್ಕೆ ಕೊಂಡ ಬೆಲೆ ಯಾವುದು? ಕಾಯಿದೆಯ ಪ್ರಕಾರ ಹಿಂದಿನ ಒಡೆಯರು ಕೊಟ್ಟ ಬೆಲೆಯೇ. ಆದರೆ 2001ರ ಏಪ್ರಿಲ್ 1ಕ್ಕಿಂತ ಮೊದಲು ಮನೆಗೆ ಬಂದ ಚಿನ್ನಕ್ಕೆ ಆ ದಿನದ ಪೇಟೆಯ ಬೆಲೆಯನ್ನು ಹಿಡಿಯಬಹುದು. 2017ರ ಹಣಕಾಸು ಕಾಯಿದೆ ಈ ಮೂಲದಿನವನ್ನು 1981ರಿಂದ 2001ಕ್ಕೆ ತಂದಿತು. 2024ರ ಜುಲೈ 23ರಿಂದ ಬೆಲೆಯೇರಿಕೆಯ ಸೂಚ್ಯಂಕದ ರಿಯಾಯಿತಿ ಚಿನ್ನಕ್ಕೆ ಇಲ್ಲವಾಗಿ, 24 ತಿಂಗಳು ಮೀರಿ ಇಟ್ಟುಕೊಂಡು ಮಾರಿದ ಲಾಭಕ್ಕೆ ನೂರಕ್ಕೆ 12.5ರ ತೆರಿಗೆ ಬಂದಿರುವುದರಿಂದ, ಅಜ್ಜಿಯ ಸರ 2001ಕ್ಕೆ ಮೊದಲಿನದು ಎಂಬುದಕ್ಕೆ ಆಧಾರವಿರುವುದು ಹಣದ ಮಾತೇ ಆಗಿದೆ. ಹಳೆಯ ಮದುವೆಯ ಭಾವಚಿತ್ರವೊಂದು, ಊರಿನ ಅಂಗಡಿಯ ಮಾಸಿದ ರಸೀದಿಯೊಂದು, ಪಾಲುಪಟ್ಟಿಯ ಒಂದು ಸಾಲು, ಇವೆಲ್ಲ ಕಡತದೊಳಗೆ ಸೇರತಕ್ಕವು.

ಇನ್ನು ಕ್ರಿಪ್ಟೋ ನಾಣ್ಯ. 2009ರ ಜನವರಿ 3ರಂದು ಚಾಲ್ತಿಗೆ ಬಂದ ಬಿಟ್‌ಕಾಯಿನ್ ಇವುಗಳಲ್ಲಿ ಹಿರಿಯದು. ಅದರ ಒಟ್ಟು ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರದಂತೆ ಅದರ ನಿಯಮಗಳು ರಚಿತವಾಗಿವೆ. ಒಂದು ಬಿಟ್‌ಕಾಯಿನ್ನಿನ ಹತ್ತು ಕೋಟಿಯ ಒಂದು ಭಾಗಕ್ಕೆ ಸತೋಷಿ ಎಂದು ಹೆಸರು. ಹಣದಲ್ಲಿ ನಾಲ್ಕನೆಯ ಒಂದು ಹಾಗ, ಹದಿನಾರನೆಯ ಒಂದು ವೀಸ, ಅರವತ್ತನಾಲ್ಕನೆಯ ಒಂದು ಕಾಣಿ ಎಂದು ಬಾಯಿಪಾಠ ಮಾಡಿದ ಜನಕ್ಕೆ ಈ ಸೂಕ್ಷ್ಮತೆ ಹೊಸದಲ್ಲ. ಕಾಣಿಯನ್ನು ಬಿಡದವರಂತೆ ಇಲ್ಲಿಯೂ ದಶಾಂಶದ ಎಂಟು ಸ್ಥಾನಗಳನ್ನು ಪೂರ್ತಿಯಾಗಿ ಬರೆಯಬೇಕು. ಚಿನ್ನಕ್ಕೂ ಇದಕ್ಕೂ ಒಂದು ವ್ಯತ್ಯಾಸ ಮುಖ್ಯವಾದುದು. ಚಿನ್ನವನ್ನು ಹೊಂದುವುದೆಂದರೆ ಲೋಹವನ್ನು ಹೊಂದುವುದು. ಕ್ರಿಪ್ಟೋವನ್ನು ಹೊಂದುವುದೆಂದರೆ ಒಂದು ರಹಸ್ಯ ಸಂಖ್ಯೆಯನ್ನು, ರೂಢಿಯ ಮಾತಿನಲ್ಲಿ ಕೀಲಿಯನ್ನು, ತಿಳಿದಿರುವುದು. ನಾಣ್ಯಗಳ ವಹಿವಾಟೆಲ್ಲ ಜಗತ್ತಿಗೇ ತೆರೆದಿಟ್ಟ ಖಾತೆಪುಸ್ತಕದಲ್ಲಿದೆ. ಅಲ್ಲಿ ಹೆಸರಿಲ್ಲ, ವಿಳಾಸಗಳೆಂಬ ಅಕ್ಷರಮಾಲೆಗಳಿವೆ. ಯಾವ ವಿಳಾಸ ಯಾರದು ಎಂದು ತಿಳಿದ ಗಳಿಗೆಯಲ್ಲಿ ಆ ವ್ಯಕ್ತಿಯ ಪೆಟ್ಟಿಗೆ ಗಾಜಿನದಾಗುತ್ತದೆ.

ಹೀಗಿರುವಾಗ ಲೆಕ್ಕವಿಡುವ ಕ್ರಿಯೆಯೇ ಗುಟ್ಟನ್ನು ಒಡೆಯಬಲ್ಲದು ಎಂಬುದು ವಿಚಿತ್ರವಾದರೂ ನಿಜ. ಎಲ್ಲ ವಿಳಾಸಗಳನ್ನೂ ಹುಟ್ಟಿಸುವ ವಿಸ್ತೃತ ಸಾರ್ವಜನಿಕ ಕೀಲಿ ಎಂಬುದೊಂದಿದೆ. ಅದರಿಂದ ನಾಣ್ಯವನ್ನು ಖರ್ಚು ಮಾಡಲಾಗದು, ಆದರೆ ಹಿಂದಿನ ಮುಂದಿನ ವಿಳಾಸಗಳನ್ನೆಲ್ಲ ನೋಡಬಹುದು. ಸ್ವಂತ ಕಂಪ್ಯೂಟರಿನಲ್ಲಿ ಅದನ್ನಿಟ್ಟು ಶಿಲ್ಕನ್ನು ನೋಡುವುದು ಉಪಯುಕ್ತ. ಪರರ ಸೇವೆಗೆ ಅದನ್ನು ಒಪ್ಪಿಸಿದರೆ ಇಡೀ ಕಡತವನ್ನೇ ಒಪ್ಪಿಸಿದಂತೆ. ಕೀಲಿಗಳನ್ನು ಕಾಪಾಡುವ ಪುಟ್ಟ ಯಂತ್ರಗಳನ್ನು ಮಾರುವ ಲೆಡ್ಜರ್ ಎಂಬ ಫ್ರಾನ್ಸಿನ ಸಂಸ್ಥೆಯ ಸುಮಾರು 2,72,000 ಗಿರಾಕಿಗಳ ಹೆಸರು, ಮನೆವಿಳಾಸ, ದೂರವಾಣಿ ಸಂಖ್ಯೆಗಳು 2020ರ ಡಿಸೆಂಬರಿನಲ್ಲಿ ಬಯಲಾದವು. ಯಂತ್ರಗಳು ಭದ್ರವಾಗಿಯೇ ಇದ್ದವು, ಬಯಲಾದುದು ಪಟ್ಟಿ. ಕಳ್ಳನಿಗೆ ಬೇಕಾದುದು ಎಷ್ಟೋ ಸಲ ಅಷ್ಟೇ.

ಆದರೆ ಗೋಪ್ಯತೆಯೆಂದರೆ ಸರಕಾರದಿಂದ ಬಚ್ಚಿಡುವುದಲ್ಲ. 2022ರ ಹಣಕಾಸು ಕಾಯಿದೆ ಇಂಥ ನಾಣ್ಯಗಳ ಲಾಭಕ್ಕೆ ನೂರಕ್ಕೆ 30ರ ತೆರಿಗೆ ವಿಧಿಸಿತು. ಕೊಂಡ ಬೆಲೆಯ ಹೊರತು ಬೇರೆ ಖರ್ಚನ್ನು ಕಳೆಯುವಂತಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭದಿಂದ ತುಂಬಿಸಿಕೊಳ್ಳುವಂತಿಲ್ಲ. ಅದೇ ವರುಷದ ಜುಲೈ 1ರಿಂದ ಮಾರಾಟದ ಹಣದಲ್ಲಿ ನೂರಕ್ಕೆ 1ರ ಕಡಿತವೂ ಬಂದಿತು. ಒಂದು ನಾಣ್ಯವನ್ನು ಕೊಟ್ಟು ಇನ್ನೊಂದನ್ನು ಪಡೆಯುವುದೂ ಮಾರಾಟವೇ. ಹಾಗಲ್ಲದೆ, ವಿನಿಮಯ ಕೇಂದ್ರದಿಂದ ತನ್ನದೇ ಕೀಲಿಯ ವಿಳಾಸಕ್ಕೆ ಸಾಗಿಸುವುದು ಮಾರಾಟವಲ್ಲ. ತೆರೆದ ಖಾತೆಪುಸ್ತಕದಲ್ಲಿ ಇವೆರಡೂ ಒಂದೇ ತೆರನಾಗಿ ಕಾಣುತ್ತವೆ; ಭೇದವನ್ನು ಹೇಳುವುದು ಮನೆಯ ಕಡತ ಮಾತ್ರ. ದಿನಾಂಕ, ಮೊತ್ತ, ಆ ದಿನದ ರೂಪಾಯಿ ಬೆಲೆ, ಎಲ್ಲಿಂದ, ಎಲ್ಲಿಗೆ, ಏಕೆ, ಇಷ್ಟನ್ನು ಆಯಾ ದಿನವೇ ಬರೆಯದೆ ಬಿಟ್ಟವರು ವರುಷದ ಕೊನೆಗೆ ಪಡುವ ಪಾಡು ಹೇಳತೀರದು. ವಿನಿಮಯ ಕೇಂದ್ರದಲ್ಲಿರುವುದನ್ನೂ ಸ್ವಂತ ಕೀಲಿಯಲ್ಲಿರುವುದನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆಯಬೇಕು. ಮೊದಲನೆಯದು ಪರರಿಂದ ಬರಬೇಕಾದ ಬಾಕಿಯೇ ಹೊರತು ಕೈಯಲ್ಲಿರುವ ಸೊತ್ತಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಕೇಂದ್ರದಿಂದ 23 ಕೋಟಿ ಡಾಲರಿಗೂ ಮಿಕ್ಕಿದ ನಾಣ್ಯಗಳು ಕಳವಾದಾಗ ಈ ಭೇದ ಅನೇಕರಿಗೆ ಅರಿವಾಯಿತು.

ಸಾವಿನ ಪ್ರಶ್ನೆ ಇನ್ನೂ ಕಠಿನವಾದುದು. ಕೆನಡಾದ ಕ್ವಾಡ್ರಿಗಾ ಎಂಬ ವಿನಿಮಯ ಕೇಂದ್ರದ ಸ್ಥಾಪಕರು 2018ರ ಡಿಸೆಂಬರಿನಲ್ಲಿ ಜಯಪುರದಲ್ಲಿ ತೀರಿಕೊಂಡರು. ಕೀಲಿಗಳು ಅವರೊಬ್ಬರಿಗೇ ತಿಳಿದಿದ್ದುವೆಂದೂ ಗಿರಾಕಿಗಳ ನಾಣ್ಯಗಳು ಶಾಶ್ವತವಾಗಿ ಬೀಗದೊಳಗೆ ಸಿಕ್ಕಿಕೊಂಡುವೆಂದೂ ಮೊದಲು ಹೇಳಲಾಯಿತು. ತನಿಖೆಯಿಂದ ಹೊರಬಿದ್ದುದು ಬೇರೆಯೇ ಸಂಗತಿ. ಪೆಟ್ಟಿಗೆಗಳು ಮೊದಲೇ ಬರಿದಾಗಿದ್ದುವು, ಕ್ರಮವಾದ ಲೆಕ್ಕಪತ್ರಗಳೇ ಇರಲಿಲ್ಲ. ನಷ್ಟದ ಬಹುಭಾಗಕ್ಕೆ ಆ ಸ್ಥಾಪಕರ ವಂಚನೆಯೇ ಕಾರಣವೆಂದು 2020ರಲ್ಲಿ ಒಂಟಾರಿಯೋ ಸೆಕ್ಯುರಿಟೀಸ್ ಕಮಿಷನ್ ವರದಿ ಮಾಡಿತು. 76,000ಕ್ಕೂ ಮಿಕ್ಕಿ ಗಿರಾಕಿಗಳಿಗೆ ಹಣ ಬರಬೇಕಾಗಿತ್ತು. ಮನೆವಾರ್ತೆಯಲ್ಲಿ ವಂಚನೆಯಿಲ್ಲದಿದ್ದರೂ ಫಲ ಅದೇ ಆಗಬಹುದು: ಗಂಡನು ತೀರಿಕೊಂಡ ಮೇಲೆ ಇದ್ದುದು ಎಷ್ಟು, ಇಲ್ಲದ್ದು ಎಷ್ಟು ಎಂದು ಹೆಂಡತಿಗೆ ಹೇಳುವವರೇ ಇರುವುದಿಲ್ಲ.

ಆದುದರಿಂದ ಏನನ್ನು ಬರೆಯಬೇಕು, ಏನನ್ನು ಬರೆಯಕೂಡದು ಎಂಬ ವಿವೇಕ ಬೇಕು. ಕೀಲಿಯನ್ನು ಮರಳಿ ಪಡೆಯುವ ಹನ್ನೆರಡೋ ಇಪ್ಪತ್ತನಾಲ್ಕೋ ಶಬ್ದಗಳ ಸಾಲು, 2,048 ಶಬ್ದಗಳ ಗೊತ್ತಾದ ಪಟ್ಟಿಯಿಂದ ಆಯ್ದದ್ದು, ಕಡತದಲ್ಲಿ ಎಂದಿಗೂ ಇರಕೂಡದು, ಅದರ ಫೋಟೋವೂ ಕೂಡದು. ಅದನ್ನು ಓದಿದವನೇ ಒಡೆಯ. ಕಡತದಲ್ಲಿ ಇರತಕ್ಕದ್ದು ಅದನ್ನು ಎಲ್ಲಿ ಇಡಲಾಗಿದೆ, ಯಾರು ತೆರೆಯಬೇಕು ಎಂಬ ಸೂಚನೆ ಮಾತ್ರ. ಕಡತ ಒಬ್ಬರ ಬಳಿ, ಶಬ್ದಗಳು ಇನ್ನೊಂದು ಊರಿನಲ್ಲಿ, ಎರಡರ ಇರುವಿಕೆಯೂ ಉಯಿಲಿನಲ್ಲಿ ಉಲ್ಲೇಖ, ಇದು ಸಾಧಾರಣ ಕುಟುಂಬಕ್ಕೆ ಸಾಕಾದ ವ್ಯವಸ್ಥೆ.

ಕಡತದ ರೂಪ ಏನಾದರೂ ಆಗಬಹುದು. ಹೊಲಿದ ನೋಟುಪುಸ್ತಕವೂ ಸಲ್ಲುತ್ತದೆ. ಅಂತರ್ಜಾಲದ ನಂಟಿಲ್ಲದೆ ನಡೆಯುವ ನೂಕ್ಯಾಶ್‌ನಂಥ ಉಚಿತ ಲೆಕ್ಕದ ತಂತ್ರಾಂಶದಲ್ಲಿ ಚಿನ್ನದ ಗ್ರಾಮನ್ನೂ ಬಿಟ್‌ಕಾಯಿನ್ನನ್ನೂ ಪ್ರತ್ಯೇಕ ಪದಾರ್ಥಗಳೆಂದು ಬರೆದು, ಬೆಲೆಯನ್ನು ಕೈಯಿಂದಲೇ ತುಂಬಬಹುದು. ಮೊತ್ತದ ಲೆಕ್ಕವನ್ನೂ ಬೆಲೆಯ ಲೆಕ್ಕವನ್ನೂ ಬೆರಸದಿರುವುದು ಮುಖ್ಯ, ಏಕೆಂದರೆ ಬೆಲೆ ದಿನವೂ ಕುಣಿಯುತ್ತದೆ, ತೂಕ ಕುಣಿಯುವುದಿಲ್ಲ. ಚಿನ್ನ ಬೆಳ್ಳಿಗಳಿಗೆ ಇಂಡಿಯಾ ಬುಲಿಯನ್ ಅಂಡ್ ಜುವೆಲರ್ಸ್ ಅಸೋಸಿಯೇಷನ್ ಬೆಳಗ್ಗೆ ಸಂಜೆ ಪ್ರಕಟಿಸುವ ದರವನ್ನು ಹಿಡಿಯಬಹುದು. ತೆರಿಗೆಯ ವರುಷ ಮುಗಿಯುವ ಮಾರ್ಚ್ 31ರ ಸಂಜೆಯ ದರವೊಂದನ್ನೇ ಪ್ರತಿ ವರುಷವೂ ಬರೆದುಕೊಂಡರೆ ಸಾಕು. ತೂಕವನ್ನು ಮಾತ್ರ ದೀಪಾವಳಿಗೆ ಲಾಕರು ತೆರೆದಾಗ, ಇಬ್ಬರು ಕೂತು, ತಕ್ಕಡಿಯಲ್ಲಿಟ್ಟು ನೋಡಬೇಕು.