ಜಾಲತಾಣದ ವಿಳಾಸ ಹುಡುಕಾಟ ಮತ್ತು ತಾತ್ಕಾಲಿಕ ಸಂಗ್ರಹ: ಅರ್ಜಿದಾರರಿಗೆ ಮಾಹಿತಿ

ಜಾಲತಾಣವೊಂದನ್ನು ಹೊಸ ಸರ್ವರ್‌ಗೆ ಸ್ಥಳಾಂತರಿಸಿದಾಗ ಅದು ಒಬ್ಬರಿಗೆ ತೆರೆದುಕೊಂಡು, ನೆರೆಮನೆಯವರಿಗೆ ತೆರೆಯದಿರುವುದುಂಟು. ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನವಾಗಿದ್ದಲ್ಲಿ ಅರ್ಜಿದಾರರಿಗೆ ತೊಂದರೆಯಾಗುತ್ತದೆ. ಇದಕ್ಕೆ ಕಾರಣವನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

ಹೆಸರು ಮತ್ತು ವಿಳಾಸ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಹೆಸರು ಎಲ್ಲರಿಗೂ ಪರಿಚಿತ. ಆದರೆ ಅಂಚೆ ತಲುಪಲು ಟಿ. ಚೌಡಯ್ಯ ರಸ್ತೆ, ಕುಮಾರ ಪಾರ್ಕ್ ಪಶ್ಚಿಮ ಎಂಬ ವಿಳಾಸ ಅಗತ್ಯ. ಅದೇ ರೀತಿ ಪ್ರತಿ ಜಾಲತಾಣದ ಹೆಸರಿಗೂ ಅಂಕಿಗಳ ಐಪಿ ವಿಳಾಸವಿರುತ್ತದೆ. ಹೆಸರಿನಿಂದ ಈ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಇದನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು ರೂಪಿಸಿದರು.

ತಾತ್ಕಾಲಿಕ ಸಂಗ್ರಹ

ಪ್ರತಿ ಬಾರಿಯೂ ಮೊದಲಿನಿಂದ ಹುಡುಕಿದಲ್ಲಿ ವಿಳಂಬವಾಗುತ್ತದೆ. ಆದುದರಿಂದ ಇಂಟರ್‌ನೆಟ್ ಸೇವಾ ಸಂಸ್ಥೆಯ ಗಣಕಯಂತ್ರವು ಒಮ್ಮೆ ದೊರೆತ ಉತ್ತರವನ್ನು ನಿಗದಿತ ಅವಧಿಯವರೆಗೆ ಸಂಗ್ರಹಿಸಿಡುತ್ತದೆ. ಈ ಅವಧಿಯನ್ನು ಜಾಲತಾಣದವರೇ ಸೆಕೆಂಡುಗಳಲ್ಲಿ ಗೊತ್ತುಪಡಿಸುತ್ತಾರೆ. 3600 ಎಂದರೆ ಒಂದು ಗಂಟೆ, 86400 ಎಂದರೆ ಒಂದು ದಿನ.

ಗಣಕಯಂತ್ರಗಳ ಸಮೂಹ

ಬಳಕೆದಾರರು ಹೆಚ್ಚಿರುವೆಡೆ ಹಲವು ಗಣಕಯಂತ್ರಗಳು ಒಟ್ಟಾಗಿ ಕಾರ್ಯನಿರ್ವಹಿಸುತ್ತವೆ. ಇದರಲ್ಲಿ ಎರಡು ವಿಧಾನಗಳಿವೆ.

1. ಪ್ರತಿ ಯಂತ್ರವೂ ತನ್ನದೇ ಸಂಗ್ರಹ ಹೊಂದಿರುವುದು. ಒಂದೇ ಹೆಸರನ್ನು ಹಲವು ಯಂತ್ರಗಳು ಬೇರೆ ಬೇರೆ ವೇಳೆಯಲ್ಲಿ ಹುಡುಕುವುದರಿಂದ ಉತ್ತರಗಳು ಭಿನ್ನವಾಗಬಹುದು.
2. ಹೆಸರುಗಳನ್ನು ಯಂತ್ರಗಳ ನಡುವೆ ಹಂಚುವುದು. ಒಂದು ಯಂತ್ರ ಪಡೆದ ಉತ್ತರ ಎಲ್ಲಕ್ಕೂ ಒದಗುತ್ತದೆ. ಯಂತ್ರವೊಂದು ಕೆಟ್ಟಲ್ಲಿ ಅದರ ಪಾಲಿನ ಹೆಸರುಗಳನ್ನಷ್ಟೇ ಪುನಃ ಹುಡುಕಬೇಕಾಗುತ್ತದೆ.

ಉದಾಹರಣೆಗೆ, ಅವಧಿ ಒಂದು ದಿನವಾಗಿದ್ದು, ವಿಳಾಸವು ಬೆಳಿಗ್ಗೆ 10-00 ಗಂಟೆಗೆ ಬದಲಾಯಿತೆಂದು ಭಾವಿಸೋಣ. 9-50ಕ್ಕೆ ಹುಡುಕಿದ ಯಂತ್ರವು ಮರುದಿನ 9-50ರವರೆಗೂ ಹಳೆಯ ವಿಳಾಸವನ್ನೇ ನೀಡಬಹುದು. 10-05ಕ್ಕೆ ಹುಡುಕಿದ ಯಂತ್ರವು ಹೊಸದನ್ನು ನೀಡುತ್ತದೆ. ಎರಡನೆಯ ವಿಧಾನದಲ್ಲಿ ಸಮೂಹದೊಳಗಿನ ಈ ವ್ಯತ್ಯಾಸ ತಪ್ಪಿದರೂ, ಬೇರೆ ಸಂಸ್ಥೆಗಳ ಸಂಗ್ರಹಗಳ ನಡುವೆ ಅದು ಉಳಿಯುತ್ತದೆ. ಆದಕಾರಣ ಸ್ಥಳಾಂತರಕ್ಕೆ ಮುಂಚಿತವಾಗಿಯೇ ಅವಧಿಯನ್ನು ಕಡಿಮೆ ಮಾಡುವುದು ಹಾಗೂ ಹಳೆಯ ಅವಧಿ ಮುಗಿಯುವವರೆಗೆ ಹಳೆಯ ಸರ್ವರ್ ಅನ್ನೂ ಚಾಲನೆಯಲ್ಲಿಡುವುದು ಸೂಕ್ತ ಕ್ರಮ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಕೊನೆಯ ದಿನದವರೆಗೆ ಕಾಯದೆ ಅರ್ಜಿ ಸಲ್ಲಿಸುವುದು.
2. ಜಾಲತಾಣ ತೆರೆಯದಿದ್ದಲ್ಲಿ ಬ್ರೌಸರ್ ಅನ್ನು ಮುಚ್ಚಿ ಪುನಃ ತೆರೆಯುವುದು ಅಥವಾ ಬೇರೆ ಸಂಸ್ಥೆಯ ಸಂಪರ್ಕದಿಂದ ಪ್ರಯತ್ನಿಸುವುದು.
3. ಹೋಲಿಕೆಯ ಹೆಸರುಳ್ಳ ಇತರ ಜಾಲತಾಣಗಳಲ್ಲಿ ಶುಲ್ಕ ಪಾವತಿಸಬಾರದು. ‘ಜಿಒವಿ ಡಾಟ್ ಇನ್’ ಎಂದು ಕೊನೆಗೊಳ್ಳುವ ಹೆಸರುಗಳನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ನೀಡಲಾಗುತ್ತದೆ.
4. ದೋಷ ಸಂದೇಶದ ಪ್ರತಿಯನ್ನು ದಿನಾಂಕ ಮತ್ತು ವೇಳೆಯೊಂದಿಗೆ ಇರಿಸಿಕೊಂಡು ಸಂಬಂಧಿಸಿದ ಕಚೇರಿಯ ಗಮನಕ್ಕೆ ತರುವುದು.