ಸೋಮಾರಿ ನಾನಲ್ಲ, ನನ್ನ ಕುತ್ತಿಗೆಯ ಚಿಟ್ಟೆ!

ಪದವಿ ಮುಗಿಸಿ, ಎಫ್‌ಡಿಎ ಪರೀಕ್ಷೆಗೆ ಓದಲೆಂದು ಹಾವೇರಿಯಿಂದ ಧಾರವಾಡಕ್ಕೆ ಬಂದು ಪಿ.ಜಿ. ಸೇರಿದ್ದೆ. ಬೆಳಿಗ್ಗೆ 5ಕ್ಕೆ ಅಲಾರಾಂ ಇಟ್ಟರೆ 8ಕ್ಕೂ ಕಣ್ಣು ಬಿಡಲಾಗುತ್ತಿರಲಿಲ್ಲ. ಲೈಬ್ರರಿಯಲ್ಲಿ ಎರಡು ಪುಟ ಓದುವಷ್ಟರಲ್ಲಿ ತೂಕಡಿಕೆ. ಓದಿದ್ದು ಸಂಜೆಗೆ ಮಾಯ. ಗೆಳತಿಯರು ಫ್ಯಾನ್ ಹಾಕಿದರೆ ನನಗೆ ಚಳಿ. ಊಟ ಕಡಿಮೆ ಮಾಡಿದರೂ ತೂಕ ಏರುತ್ತಿತ್ತು. ‘ಮೊಬೈಲ್ ಬಿಟ್ಟು ಲಗೂ ಮಲಗವ್ವಾ, ಎಲ್ಲಾ ಸರಿ ಹೋಗ್ತೈತಿ’ ಎಂದು ಅವ್ವ ಫೋನಿನಲ್ಲಿ ಬೈಯುತ್ತಿದ್ದಳು. ನಾನೂ ನನ್ನನ್ನು ಸೋಮಾರಿ ಎಂದೇ ನಂಬಿದ್ದೆ.

ರೂಮ್‌ಮೇಟ್ ನರ್ಸಿಂಗ್ ಓದುವವಳು. ಬಾಚಣಿಗೆ ತುಂಬ ಇದ್ದ ನನ್ನ ಕೂದಲು ನೋಡಿ, ‘ಒಮ್ಮೆ ಥೈರಾಯ್ಡ್ ಚೆಕ್ ಮಾಡ್ಸು’ ಎಂದಳು. ನನಗೆ ನಗು ಬಂತು. ‘ಕುತ್ತಿಗೆಯಲ್ಲಿ ಚಿಟ್ಟೆಯಾಕಾರದ ಗ್ರಂಥಿ ಯಾವುದು?’ ಎಂಬ ಪ್ರಶ್ನೆಗೆ ಹಿಂದಿನ ವಾರವಷ್ಟೇ ಸರಿಯುತ್ತರ ಗುರುತು ಮಾಡಿದ್ದೆ! ರಕ್ತದ ರಿಪೋರ್ಟ್ ಬಂದಾಗ ನಗು ನಿಂತಿತು. ಟಿಎಸ್‌ಎಚ್ ಮಿತಿಗಿಂತ ಎಂಟು ಪಟ್ಟು ಹೆಚ್ಚಿತ್ತು.

ಬಾಯಿಪಾಠ ಮಾಡಿದ್ದನ್ನು ಅಂದು ಮೊದಲ ಬಾರಿ ಅರ್ಥ ಮಾಡಿಕೊಂಡು ಓದಿದೆ. ಬೆವರು, ಜೊಲ್ಲಿನ ಗ್ರಂಥಿಗಳಿಗೆ ರಸ ಹರಿಸಲು ನಾಳವಿದೆ. ಥೈರಾಯ್ಡ್‌ಗೆ ಅದಿಲ್ಲ, ಹಾರ್ಮೋನನ್ನು ನೇರ ರಕ್ತಕ್ಕೇ ಬಿಡುತ್ತದೆ. ಅದಕ್ಕೇ ನಿರ್ನಾಳ ಗ್ರಂಥಿ ಎಂಬ ಹೆಸರು. ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚೀಲಗಳು. ಚೀಲದ ಗೋಡೆಯ ಜೀವಕೋಶಗಳು ರಕ್ತದಿಂದ ಅಯೋಡಿನ್ ಹೆಕ್ಕಿ ಹಾರ್ಮೋನು ತಯಾರಿಸುತ್ತವೆ. ಎರಡು ಮೂರು ತಿಂಗಳಿಗಾಗುವಷ್ಟು ಒಳಗಿನ ಅಂಟು ದ್ರವದಲ್ಲಿ ಕೂಡಿಟ್ಟಿರುತ್ತವೆ. ದೇಹ ಎಷ್ಟು ವೇಗದಲ್ಲಿ ಶಕ್ತಿ ಬಳಸಬೇಕೆಂದು ಹೇಳುವುದು ಈ ಹಾರ್ಮೋನೇ.

ಹಾಗಾದರೆ ಟಿಎಸ್‌ಎಚ್ ಹೆಚ್ಚಾದದ್ದೇಕೆ? ಅದು ಥೈರಾಯ್ಡ್‌ನದ್ದಲ್ಲ. ಮಿದುಳಿನ ಬುಡದಲ್ಲಿರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಕಳಿಸುವ ‘ಕೆಲಸ ಮಾಡು’ ಎಂಬ ಆದೇಶ. ನಾನು ಏಳದಿದ್ದಷ್ಟೂ ಅವ್ವನ ದನಿ ಏರುತ್ತಿತ್ತಲ್ಲ, ಹಾಗೆಯೇ ಇದು!

‘ಅಯೋಡಿನ್ ಉಪ್ಪನ್ನೇ ತಿಂತೀನಲ್ಲ ಸರ್?’ ಎಂದು ಡಾಕ್ಟರನ್ನು ಕೇಳಿದೆ. ಮತ್ತೊಂದು ಪರೀಕ್ಷೆ ಮಾಡಿಸಿ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡಿದೆ ಎಂದರು. 1912ರಲ್ಲಿ ಇದನ್ನು ವಿವರಿಸಿದ ಜಪಾನಿನ ವೈದ್ಯ ಹಶಿಮೊಟೊ ಹೆಸರೇ ಈ ಕಾಯಿಲೆಗಿದೆ. ಹೆಣ್ಣುಮಕ್ಕಳಲ್ಲಿ ಹೆಚ್ಚು.

ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಒಂದು ಪುಟ್ಟ ಮಾತ್ರೆ. ಚಹಾಕ್ಕೆ ಕನಿಷ್ಠ ಅರ್ಧ ಗಂಟೆ ಕಾಯಬೇಕು. ಮರುದಿನವೇ ಪವಾಡವೇನೂ ನಡೆಯಲಿಲ್ಲ. ಆರು ವಾರದ ನಂತರ ಮತ್ತೆ ರಕ್ತ ಪರೀಕ್ಷೆ, ಡೋಸ್ ಬದಲು. ಮೂರನೇ ತಿಂಗಳಲ್ಲಿ ಒಂದು ದಿನ ಅಲಾರಾಂಗಿಂತ ಮೊದಲೇ ಎಚ್ಚರವಾದಾಗ ಅತ್ತೇಬಿಟ್ಟೆ.

ಆ ವರ್ಷದ ಪರೀಕ್ಷೆ ಕೈತಪ್ಪಿತು. ಮಾತ್ರೆ ಅಂಕ ಕೊಡಿಸುವುದಿಲ್ಲ, ಕುಳಿತು ಓದುವ ಶಕ್ತಿಯನ್ನಷ್ಟೇ ಮರಳಿಸಿದೆ. ಸುಸ್ತಿಗೆ ರಕ್ತಹೀನತೆಯಂಥ ಬೇರೆ ಕಾರಣಗಳೂ ಇರಬಹುದು. ಆದರೆ ವಾರಗಟ್ಟಲೆ ಸುಸ್ತು ಬಿಡದಿದ್ದರೆ, ‘ನಾನು ಸೋಮಾರಿ’ ಎಂದು ತೀರ್ಪು ಕೊಟ್ಟುಕೊಳ್ಳುವ ಮೊದಲು ಡಾಕ್ಟರ ಬಳಿ ಹೋಗಿ ಬನ್ನಿ.

ಅವ್ವ ಈಗಲೂ ಬೆಳಿಗ್ಗೆ ಫೋನ್ ಮಾಡುತ್ತಾಳೆ. ‘ಎದ್ದಿಯೇನ?’ ಅನ್ನುವುದಿಲ್ಲ. ‘ಗುಳಿಗಿ ತಗೊಂಡಿ?’ ಅನ್ನುತ್ತಾಳೆ.