ಕಲ್ಲಿನಡಿಯ ದುಂಬಿಯೂ ಪರದೆಯ ಮೇಲಿನ ಹುಳುವೂ

ಕೀಟಗಳನ್ನು ಅರಸುತ್ತ ಅಲೆಯುವ ಬಾಲಕನ ಹವ್ಯಾಸವು ಲೋಕಪ್ರಸಿದ್ಧವಾದ ವಿಡಿಯೋ ಆಟವೊಂದಕ್ಕೆ ಮೂಲವಾಯಿತೆಂದರೆ ಆಶ್ಚರ್ಯವಲ್ಲವೆ?

1965ರಲ್ಲಿ ಜನಿಸಿದ ಸತೋಶಿ ತಾಜಿರಿ ಬೆಳೆದದ್ದು ಜಪಾನಿನ ಟೋಕಿಯೋ ಹೊರವಲಯದಲ್ಲಿ. ಇತರ ಹುಡುಗರು ಮರದ ತೊಗಟೆಗೆ ಜೇನು ಸವರಿ ಗಡುಸುರೆಕ್ಕೆಯ ದುಂಬಿಗಳನ್ನು ಹಿಡಿಯುತ್ತಿದ್ದರೆ, ಈತ ಮರದಡಿಯಲ್ಲಿ ಕಲ್ಲನ್ನಿಡುತ್ತಿದ್ದ. ಹಗಲಿನಲ್ಲಿ ನಿದ್ರಿಸುವ ದುಂಬಿಗಳು ಕಲ್ಲಿನಡಿ ಸೇರುವುವೆಂಬುದು ಅವನ ಊಹೆ. ಮುಂಜಾನೆ ಕಲ್ಲನ್ನೆತ್ತಿದಾಗ ಅವು ಅಲ್ಲಿಯೇ ಇದ್ದವು! ಊಹೆ, ಪ್ರಯೋಗ, ಫಲ: ವಿಜ್ಞಾನದ ಕ್ರಮವೂ ಇದೇ.

ನಗರ ಬೆಳೆದಂತೆ ಕೀಟಗಳು ವಿರಳವಾದವು. ಹುಡುಕಾಟದ ಆ ಆನಂದವನ್ನು ಮಕ್ಕಳಿಗೆ ಮರಳಿ ನೀಡಲೆಂದು ತಾಜಿರಿ ರೂಪಿಸಿದ ‘ಪೊಕೆಮಾನ್’ 1996ರಲ್ಲಿ ಹೊರಬಂದಿತು.

ಈ ಆಟದ ‘ಕ್ಯಾಟರ್‌ಪಿ’ ಎಂಬ ಹಸುರು ಹುಳು ಕೋಶಾವಸ್ಥೆಯನ್ನು ದಾಟಿ ಚಿಟ್ಟೆಯಾಗುತ್ತದೆ. ಆಟವು ಇದನ್ನು ‘ವಿಕಾಸ’ವೆಂದು ಕರೆಯುತ್ತದೆ. ಇಲ್ಲಿ ಎಚ್ಚರ ಬೇಕು. ಒಂದೇ ಜೀವಿಯ ಬಾಳಿನಲ್ಲಿ ನಡೆಯುವ ಮಾರ್ಪಾಡು ರೂಪಾಂತರ. ವಿಕಾಸವಾದರೋ ಅನೇಕ ತಲೆಮಾರುಗಳಲ್ಲಿ ಜೀವಿಸಮೂಹವೊಂದು ಹೊಂದುವ ಬದಲಾವಣೆ.

ಇನ್ನೊಂದು ಎಚ್ಚರಿಕೆಯೂ ಉಂಟು. 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, 8 ವರ್ಷ ಮತ್ತು ಮೇಲ್ಪಟ್ಟ ಮಕ್ಕಳು ತಮ್ಮ ನಾಡಿನ ಪ್ರಾಣಿಸಸ್ಯಗಳಿಗಿಂತ ಪೊಕೆಮಾನ್ ಜೀವಿಗಳನ್ನೇ ಹೆಚ್ಚು ಚೆನ್ನಾಗಿ ಗುರುತಿಸಿದರು. ಮೊದಲ ಆಟದಲ್ಲಿದ್ದ ಕಲ್ಪಿತ ಜೀವಿಗಳು 151. ಭೂಮಿಯ ಮೇಲೆ ಈವರೆಗೆ ಹೆಸರು ಪಡೆದ ಕೀಟಜಾತಿಗಳಾದರೋ ಸುಮಾರು 10 ಲಕ್ಷ!

ಆಟವಾಡಿ ಎದ್ದ ಬಳಿಕ, ಅಂಗಳದ ಕಲ್ಲೊಂದನ್ನು ಕೋಲಿನಿಂದ ಮೆಲ್ಲನೆ ಎತ್ತಿ ನೋಡಿರಿ. ಕಂಡದ್ದನ್ನು ಬರೆದಿಡಿರಿ, ಕಲ್ಲನ್ನು ಮೊದಲಿದ್ದಂತೆಯೇ ಇಡಲು ಮರೆಯದಿರಿ.